ದಡ ಮುಟ್ಟದ ಚಂಡಮಾರುತ

ಕರಾವಳಿ ಮುನ್ನೆಚ್ಚರಿಕೆ ಮಂಡಳಿಯ ವಿಶಾಖಪಟ್ಟಣ ಶಾಖೆಯ ಕಂಪ್ಯೂಟರಿನ ಮುನ್ಸೂಚನಾ ಚಿತ್ರದಲ್ಲಿ ಚಂಡಮಾರುತವೊಂದು ದಡ ಮುಟ್ಟಲು ನಲವತ್ತೊಂದು ನಿಮಿಷ ತೆಗೆದುಕೊಳ್ಳುತ್ತಿತ್ತು. ಪರಿಶೀಲನಾ ಸಭೆ ಮೂವತ್ತು ನಿಮಿಷದ್ದು. ಆದ್ದರಿಂದ ಚಂಡಮಾರುತ ಇನ್ನೂ ನಡುಸಮುದ್ರದಲ್ಲಿರುವಾಗಲೇ ವಂದನಾರ್ಪಣೆ ಮುಗಿದು, ನಡವಳಿ ಪುಸ್ತಕದಲ್ಲಿ "ಅಪಾಯ ಕಂಡುಬಂದಿಲ್ಲ" ಎಂದು ದಾಖಲಾಗುತ್ತಿತ್ತು. ನಾಲ್ಕು ವರ್ಷಗಳಿಂದ ಈ ವ್ಯವಸ್ಥೆ ಯಾವ ಲೋಪವೂ ಇಲ್ಲದೆ ನಡೆದಿತ್ತು.

ಅದನ್ನು ಕೆಡಿಸಿದವನು ನಂದೀಶ್. ಚಿತ್ರದುರ್ಗದವನು. ದ್ವಾರಕಾ ನಗರದ ಆ ಶಾಖೆಯಲ್ಲಿ ಗುತ್ತಿಗೆ ಮೇಲೆ ಕಂಪ್ಯೂಟರ್ ನೋಡಿಕೊಳ್ಳುತ್ತ, ಇಲ್ಲಿಯವಳೇ ಆದ ಪ್ರತ್ಯೂಷಾಳನ್ನು ಮದುವೆಯಾಗಿ ಪೆಂಡುರ್ತಿಯಲ್ಲಿ ಮನೆ ಮಾಡಿದ್ದ. ಏನಾದರೂ ಮಾಡಿ ತೋರಿಸಿದರೆ ಕೆಲಸ ಕಾಯಂ ಆದೀತೆಂಬ ಆಸೆ ಅವನಿಗಿತ್ತು.

ಆ ಕಂಪ್ಯೂಟರಿಗೆ ಬೇರೆ ಗ್ರಾಫಿಕ್ಸ್ ಕಾರ್ಡ್ ಇರಲಿಲ್ಲ. ಚಿತ್ರ ಮೂಡಿಸುವ ಕೆಲಸವೂ ಪ್ರೊಸೆಸರಿನದೇ, ಅದಕ್ಕೆ ಬಳಕೆಯಾಗುವುದೂ ಕಂಪ್ಯೂಟರಿನ ಮೆಮೊರಿಯೇ. ಮೆಮೊರಿ ನಿಧಾನವಾದರೆ ಚಿತ್ರವೂ ನಿಧಾನ. ಒಂದು ಶನಿವಾರ ನಂದೀಶ್ ಒಳಗಿನ ಸೆಟ್ಟಿಂಗ್ ತೆರೆದು ಮೆಮೊರಿಯ ವೇಗವನ್ನು 2400ರಿಂದ 3200ಕ್ಕೆ ಏರಿಸಿದ. ಎರಡು ಸಲ ಪರದೆ ಕಪ್ಪಾಯಿತು. ವೋಲ್ಟೇಜ್ ಚೂರು ಹೆಚ್ಚಿಸಿದ ಮೇಲೆ ಯಂತ್ರ ತಡೆದುಕೊಂಡಿತು. ಹೊಸದಾಗಿ ಒಂದು ಸ್ಕ್ರೂ ಕೂಡ ಬೇಕಾಗಲಿಲ್ಲ. ಚಂಡಮಾರುತ ಇಪ್ಪತ್ತೊಂಬತ್ತೇ ನಿಮಿಷದಲ್ಲಿ ದಡಕ್ಕೆ ಬಂತು.

ಸೋಮವಾರದ ಸಭೆಯಲ್ಲಿ ವಂದನಾರ್ಪಣೆಗೆ ಎದ್ದುನಿಂತವರ ಕಣ್ಣೆದುರೇ ಏಳು ಊರುಗಳು ಮುಳುಗಿದವು.

ಶಾಖೆಯ ಮುಖ್ಯಸ್ಥ ಸೂರ್ಯಪ್ರಕಾಶ ಗಾರು ಬಳ್ಳಾರಿಯಲ್ಲಿ ಓದಿದವರು, ನಂದೀಶನನ್ನು ಬೈಯುವಾಗ ಕನ್ನಡದಲ್ಲೇ ಬೈಯುವ ಸೌಜನ್ಯ ಅವರಲ್ಲಿತ್ತು.

"ಏನ್ರೀ ಇದು?"

"ಮೆಮೊರಿ ಓವರ್‌ಕ್ಲಾಕ್ ಮಾಡ್ದೆ ಸರ್."

"ನನ್ನ ಸರ್ವೀಸಿನಾಗ ಒಂದೂರೂ ಮುಳುಗಿರ್ಲಿಲ್ಲ. ನೀವು ಒಂದು ಶನಿವಾರಕ್ಕೆ ಏಳು ಮುಳುಗಿಸಿದ್ರಲ್ರೀ!"

"ನಾನಲ್ಲ ಸರ್, ಗುರುವಾರ ಬರೋ ಚಂಡಮಾರುತ..."

"ಅದು ಗುರುವಾರ ಬರ್ತದ. ಇವತ್ತೇ ಕರೆಸಿದೋರು ನೀವು."

ಮುಳುಗಿದವುಗಳಲ್ಲಿ ಗವ್ವಲಪಾಲೆಂ ಇತ್ತು. ಅಲ್ಲಿ ಅವನ ಅತ್ತೆ ಸೀತಾಮಹಾಲಕ್ಷ್ಮಿ ಒಬ್ಬರೇ ಇದ್ದರು. ಪ್ರತ್ಯೂಷಾಳಿಗೆ ಫೋನ್ ಮಾಡಿ, "ಹೋಗಿ ಅತ್ತೆನ ಕರ್ಕೊಂಡ್ ಬಾ" ಎಂದ. ಅಷ್ಟರಲ್ಲಿ ವಿಜಯವಾಡದ ಕೇಂದ್ರ ಕಚೇರಿಯಿಂದ ಅವನಿಗೇ ಕರೆ ಬಂತು.

ಮರುದಿನ ವಿಜಯವಾಡದಲ್ಲಿ ವಿಚಾರಣೆ. ಕಿಟಕಿಯಾಚೆ ದೇವಿಯ ಗುಡಿಯಿರುವ ಇಂದ್ರಕೀಲಾದ್ರಿ ಬೆಟ್ಟ, ಈಚೆ ವಿಚಾರಣಾಧಿಕಾರಿ ದುರ್ಗಾಂಬ ಗಾರು.

"ಹೆಚ್ಚುವರಿ ವೇಗ ಎಲ್ಲಿಂದ ತಂದಿರಿ?" ಅವರು ತೆಲುಗಿನಲ್ಲಿ ಕೇಳಿದರು.

"ಅದರಲ್ಲೇ ಇತ್ತು ಮೇಡಂ."

"ಅಂದರೆ ನಾಲ್ಕು ವರ್ಷ ನಮ್ಮಲ್ಲೇ ಇದ್ದರೂ ನಮಗೆ ತಿಳಿಯಲಿಲ್ಲ ಅಂತ ಬರೆಯಲೇ?"

ನಂದೀಶ್ ತಡೆಯಲಾರದೆ, "ಮೇಡಂ, ಊರುಗಳನ್ನ ಖಾಲಿ ಮಾಡಿಸಬೇಕು. ನಮ್ಮತ್ತೆ ಅಲ್ಲೇ ಇದ್ದಾರೆ" ಎಂದ.

ದುರ್ಗಾಂಬ ಗಾರು "ಆರೋಪಿಗೆ ಸ್ವಹಿತಾಸಕ್ತಿ ಇದೆ" ಎಂದು ಬರೆದುಕೊಂಡರು.

ಸಂಜೆ ಆದೇಶ ಹೊರಬಿತ್ತು: "ಮಂಡಳಿಯ ಪೂರ್ವಾನುಮತಿ ಇಲ್ಲದೆ ಯಾವುದೇ ಚಂಡಮಾರುತವು ಸಭಾವಧಿಯೊಳಗೆ ದಡ ತಲುಪತಕ್ಕದ್ದಲ್ಲ. ಮುಂಜಾಗ್ರತೆಯಾಗಿ ಮೆಮೊರಿಯ ವೇಗವನ್ನು 1600ಕ್ಕೆ ಇಳಿಸತಕ್ಕದ್ದು. ಏರಿಸಬಲ್ಲವರಿಗೆ ಇಳಿಸಲೂ ಬರುತ್ತದೆಯಾದ್ದರಿಂದ ಶ್ರೀ ನಂದೀಶ್ ಅವರನ್ನು ವೇಗ ನಿಯಂತ್ರಣಾಧಿಕಾರಿಯಾಗಿ ಕಾಯಂಗೊಳಿಸಲಾಗಿದೆ."

ರೈಲಿನಲ್ಲಿ ಅವನು ಆ ಹಾಳೆಯನ್ನು ಮೂರು ಸಲ ಓದಿದ. ಮೊದಲನೆಯ ಸಲ ನಾಚಿಕೆಯಾಯಿತು. ಮೂರನೆಯ ಸಲ "ಕಾಯಂ" ಎಂಬ ಪದ ಮಾತ್ರ ಕಣ್ಣಿಗೆ ಕಂಡಿತು.

ಬುಧವಾರ ವೇಗ ಇಳಿಸಿದ. ಚಂಡಮಾರುತಕ್ಕೆ ಈಗ ಐವತ್ತೆಂಟು ನಿಮಿಷ ಬೇಕಾಯಿತು. ಮಂಡಳಿ ಕೂಡಲೇ ಪ್ರಕಟಣೆ ಹೊರಡಿಸಿತು: "ಚಂಡಮಾರುತವನ್ನು ಹದಿನೇಳು ನಿಮಿಷ ಹಿಮ್ಮೆಟ್ಟಿಸಲಾಗಿದೆ. ಸಾರ್ವಜನಿಕರು ಆತಂಕಪಡಬೇಕಾಗಿಲ್ಲ."

ಪ್ರಕಟಣೆಯನ್ನು ರೇಡಿಯೋದಲ್ಲಿ ಕೇಳಿದ ಸೀತಾಮಹಾಲಕ್ಷ್ಮಿ ಹೊರಡಲು ಒಪ್ಪಲೇ ಇಲ್ಲ. "ಅಳಿಯಂದಿರೇ ತಡೆದಿದ್ದಾರಂತೆ, ನಾನೇಕೆ ಬರಲಿ?" ಎಂದು ಜಗಲಿಯಲ್ಲಿ ಕುಳಿತರು. ಪ್ರತ್ಯೂಷಾ ತಾಯಿಯೊಂದಿಗೆ ಜಗಳವಾಡಿ, ಅತ್ತು, ಕೊನೆಗೆ ರಟ್ಟೆ ಹಿಡಿದು ಆಟೋ ಹತ್ತಿಸಿದಳು.

ಗುರುವಾರ ಚಂಡಮಾರುತ ಆದೇಶವನ್ನು ಓದದೆಯೇ ಬಂತು. ಗವ್ವಲಪಾಲೆಂನ ಜನ ಶಾಲೆಯ ತಾರಸಿ ಮೇಲೆ ಒಂದು ಹಗಲು, ಒಂದು ರಾತ್ರಿ ಕುಳಿತು ಜೀವ ಉಳಿಸಿಕೊಂಡರು. ಅತ್ತೆಯ ಮನೆಯ ಒಂದು ಗೋಡೆ ಹೋಯಿತು.

ನೀರಿಳಿದ ಮೇಲೆ ಏಳೂ ಊರಿನವರು ದ್ವಾರಕಾ ನಗರದ ಕಚೇರಿಗೆ ಬಂದರು. ಏಟು ಬೀಳುವುದು ಖಂಡಿತವೆಂದು ನಂದೀಶ್ ಹೆಲ್ಮೆಟ್ ಕೈಗೆತ್ತಿಕೊಂಡ. ಆದರೆ ಅವರು ಕೊಟ್ಟದ್ದು ಅರ್ಜಿ: ನಿಧಾನದ ಕಂಪ್ಯೂಟರ್ ವಿಶಾಖಪಟ್ಟಣದಲ್ಲಿರುವುದರಿಂದ ಅದರ ಪ್ರಭಾವ ತಮ್ಮೂರುಗಳ ತನಕ ತಲುಪಿಲ್ಲ. ಊರಿಗೊಂದರಂತೆ ಅಂಥ ಏಳು ಕಂಪ್ಯೂಟರ್ ಮಂಜೂರು ಮಾಡಬೇಕು. ಮೊದಲ ಸಹಿ ಸೀತಾಮಹಾಲಕ್ಷ್ಮಿಯವರದು.

ನಂದೀಶ್ ಅತ್ತೆಯ ಮುಖ ನೋಡಿದ. ಆಕೆ ಅಭಿಮಾನದಿಂದ ನಕ್ಕರು. ಅವನು "ಶಿಫಾರಸು ಮಾಡಲಾಗಿದೆ" ಎಂದು ಬರೆದು ಕಾಯಂ ನೌಕರನ ಮೊಹರು ಒತ್ತಿದ.

ಸೂರ್ಯಪ್ರಕಾಶ ಗಾರು ಅರ್ಜಿ ಓದಿ, ಕನ್ನಡಕ ತೆಗೆದು, "1600ಕ್ಕಿಂತ ಕೆಳಗ ಇಳಿಸೋಕಾಗ್ತದೇನ್ರೀ?" ಎಂದು ಕೇಳಿದರು.

"1333ರ ತನಕ ಹೋಗುತ್ತೆ ಸರ್," ಎಂದ ನಂದೀಶ್. "ಊರು ತೀರಾ ತಗ್ಗಿನಲ್ಲಿದ್ರೆ ಮಾತ್ರ ಅಷ್ಟು ಬೇಕಾಗುತ್ತೆ."