ಮುಖವಾಡದ ಕೊಲೆಗಾರನೂ ನಮ್ಮ ಚಿಕ್ಕಪ್ಪನೂ

ನಮ್ಮ ಚಿಕ್ಕಪ್ಪನಿಗೆ ಗೊತ್ತಿರುವ ಕೊಲೆಗಳು ನೂರು ದಾಟಿವೆ. ಯಾರನ್ನು, ಯಾವ ಕೋಣೆಯಲ್ಲಿ, ಯಾವ ಆಯುಧದಿಂದ ಮುಗಿಸಿದ್ದು ಅಂತ ಕೇಳಿ ನೋಡಿ, ಹಾಲು ಕರೆಯುತ್ತಲೇ ಒಂದೂ ತಪ್ಪಿಲ್ಲದೆ ಒಪ್ಪಿಸುತ್ತಾರೆ. ಇಂಥ ಮಹಾಶಯರು, ದನದ ಡಾಕ್ಟರು ಬ್ಯಾಗಿನಿಂದ ಸಿರಿಂಜು ತೆಗೆದರೆ ಸಾಕು, ಹುಲ್ಲಿನ ಮೆದೆಯ ಹಿಂದೆ ಹೋಗಿ ಕಣ್ಣು ಮುಚ್ಚಿ ನಿಲ್ಲುತ್ತಾರೆ. ಚುಚ್ಚುವುದು ಹಸುವಿಗೆ ಕಣ್ರೀ, ಇವರಿಗಲ್ಲ!

ತಿ. ನರಸೀಪುರದ ಹೊರಗೆ ಅವರದೊಂದು ಮನೆ, ನಾಲ್ಕು ಹಸು, ಹಣೆ ತುಂಬ ವಿಭೂತಿ. ಈರುಳ್ಳಿ ಹೆಚ್ಚುವ ಚಾಕುವಿಗೂ ಹೆದರುವ ಈ ಮನುಷ್ಯನನ್ನು ಹಿಡಿದುಕೊಂಡದ್ದು ಒಂದು ಇಂಗ್ಲಿಷ್ ಸಿನಿಮಾ. ಒಂದಲ್ಲ, ಹನ್ನೆರಡು! ಕಥೆ ಎಲ್ಲದರಲ್ಲೂ ಒಂದೇ. ಮುಖವಾಡ ಹಾಕಿದ ಒಬ್ಬ ಕೊಡಲಿ ಹಿಡಿದು ಬರುತ್ತಾನೆ, ಸಿಕ್ಕಸಿಕ್ಕವರನ್ನು ಕಡಿಯುತ್ತಾನೆ, ಕೊನೆಗೆ ಒಬ್ಬ ಹುಡುಗಿ ಮಾತ್ರ ತಪ್ಪಿಸಿಕೊಳ್ಳುತ್ತಾಳೆ. ಅವನು ಸತ್ತ ಅಂದುಕೊಂಡು ನಾವೆಲ್ಲ ಎದ್ದು ಹೋದರೆ ಎರಡು ವರ್ಷಕ್ಕೆ ಮತ್ತೆ ಎದ್ದು ಬರುತ್ತಾನೆ. ಚಿಕ್ಕಪ್ಪನಿಗೆ ಇಂಗ್ಲಿಷ್ ಬರುವುದಿಲ್ಲ. ಅದಕ್ಕೇನಂತೆ? ಅವರೇ ಮೊಬೈಲಿಗೆ ಕನ್ನಡದಲ್ಲಿ ಬುದ್ಧಿ ಹೇಳುತ್ತಾರೆ.

"ಮ್ಯಾಕ್ಕೆ ಯಾಕವ್ವ ಓಯ್ತೀಯ? ಬಾಗ್ಲು ಈ ಕಡೆ ಅದೆ! ಈ ಕಡೆ ಬಾ ಅಂದ್ರೆ!"

ಒಳಗಿನಿಂದ ಚಿಕ್ಕಮ್ಮ ಕೂಗುತ್ತಾರೆ: "ಬೆಳಿಗ್ಗೆ ಎದ್ದು ಸಿವಾ ಅನ್ನೋ ಬಾಯಲ್ಲಿ ಏನ್ರೀ ನಿಮ್ದು ಕೊಲೆಪಾತ್ಕ?"

ಈ ಚಿಕ್ಕಪ್ಪನಿಂದ ನನಗೆ ಆಗಿರುವ ಆತಂಕ ಒಂದೆರಡಲ್ಲ. ನಾನು ನಂಜನಗೂಡಿನಲ್ಲಿ ಹೈಸ್ಕೂಲು ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವವಳು. ಒಂದು ಭಾನುವಾರ ನಮ್ಮ ಮನೆಗೆ ಬಸ್ಸಿನಲ್ಲಿ ಬರುತ್ತಾ, ಎಂಟನೇ ಸಿನಿಮಾದಲ್ಲಿ ಅದುವರೆಗೆ ನೋಡಿದ್ದರ ವರದಿಯನ್ನು ನನಗೆ ಫೋನಿನಲ್ಲಿ ಕೊಟ್ಟರು. ಅವರ ದನಿಯೋ, ಹೊಲದಾಚೆಯವರನ್ನು ಕರೆದು ರೂಢಿಯಾದ ದನಿ.

"ನಾಲ್ಕು ಜನ ಆಯ್ತು ಕನವ್ವ. ಮೂವರ್ನ ಮನೆಯೊಳ್ಗೆ, ಒಬ್ಬನ್ನ ಕಾರಲ್ಲಿ. ಇನ್ನು ಆ ಉಡುಗಿ ಒಬ್ಳು ಉಳ್ಕಂಡವ್ಳೆ. ಅವ್ಳ್ನ ಊಟ ಆದ್ಮೇಲೆ ನಿಮ್ಮನೇಲೇ ನೋಡ್ಕತೀನಿ!"

ಪಕ್ಕದ ಸೀಟಿನವರು ನಂಜನಗೂಡಿಗೆ ಟಿಕೆಟ್ ತೆಗೆದಿದ್ದರೂ ಸುತ್ತೂರಿನಲ್ಲೇ ಇಳಿದು ಹೋದರಂತೆ. ಕಂಡಕ್ಟರು ಹತ್ತಿರ ಬಂದು ಮೆಲ್ಲಗೆ, "ಯಜಮಾನ್ರೆ, ಯಾವ ಉಡುಗಿ?" ಅಂದಿದ್ದಾರೆ. "ನಿಮ್ಗೆ ಗೊತ್ತಿಲ್ವಾ ಸಾ? ಪ್ರಪಂಚಕ್ಕೇ ಗೊತ್ತು!" ಅಂತ ಇವರು ನಕ್ಕಿದ್ದಾರೆ. ಆಮೇಲೆ ಬಸ್‌ಸ್ಟ್ಯಾಂಡಿಗೆ ಓಡಿಹೋಗಿ, ಕಂಡಕ್ಟರು ಕರೆಸಿದ್ದ ಪೊಲೀಸಿನವರ ಮುಂದೆ ನಿಂತು, ಇದು ಸಿನಿಮಾ ಸಾರ್, ಇವರು ನಮ್ಮ ಚಿಕ್ಕಪ್ಪ ಸಾರ್ ಅಂತ ಬೆವರು ಒರೆಸಿಕೊಂಡವಳು ಯಾರು? ನಾನು!

ಇದೆಲ್ಲ ಏನೂ ಅಲ್ಲ ಅನ್ನಿಸುವ ದಿನ ಕಳೆದ ವರ್ಷ ಬಂತು. ಆ ಸಿನಿಮಾದ ತುಣುಕು ಯೂಟ್ಯೂಬಿನಲ್ಲಿ ಎಲ್ಲೇ ಬಂದರೂ ಅದರ ಕೆಳಗೆ ಕನ್ನಡದಲ್ಲಿ ನಾಲ್ಕು ಮಾತು ಬರೆಯುವುದು ಚಿಕ್ಕಪ್ಪನ ಪದ್ಧತಿ. "ಹುಡುಗಿ ಸೊರಗಿದ್ದಾಳೆ, ಊಟ ಮಾಡಲು ಹೇಳಿ" ಎನ್ನುವಂಥ ಮಾತುಗಳು. ಅವನ್ನು ಅಮೆರಿಕದಲ್ಲಿ ಯಾರೋ ಓದಿಸಿಕೊಂಡಿದ್ದಾರೆ! ಆ ಹನ್ನೆರಡು ಸಿನಿಮಾಗಳ ಬಗ್ಗೆಯೇ ಒಂದು ಸಾಕ್ಷ್ಯಚಿತ್ರ ಮಾಡುತ್ತಿದ್ದೇವೆ, ಬೇರೆ ಬೇರೆ ದೇಶದ ಅಭಿಮಾನಿಗಳನ್ನು ಮಾತಾಡಿಸುತ್ತಿದ್ದೇವೆ, ನೀವೂ ಬರುತ್ತೀರಾ ಅಂತ ಚಿಕ್ಕಪ್ಪನಿಗೆ ಸಂದೇಶ ಬಂತು.

ಚಿಕ್ಕಪ್ಪ ಮೊದಲು ಮಾಡಿದ ಕೆಲಸ ಫೋನನ್ನು ಸ್ವಿಚಾಫ್ ಮಾಡಿ ಅಕ್ಕಿ ಡಬ್ಬದಲ್ಲಿ ಹೂತಿಟ್ಟದ್ದು. "ಓಟಿಪಿ ಕಳ್ರು ಕನವ್ವ," ಅಂದರು. ನಾನು ವಾರವಿಡೀ ಪತ್ರ ಬರೆದು, ವಿಚಾರಿಸಿ, ಹೌದು ಇವರು ನಿಜವಾದವರೇ ಅಂತ ಖಾತ್ರಿ ಮಾಡಿಕೊಂಡೆ. ಅಲ್ಲಿಗೆ ಅವರ ಭಯ ಮುಗಿಯಿತು, ನನ್ನದು ಶುರುವಾಯಿತು. ಅವರ ಮಾತನ್ನು ಇಂಗ್ಲಿಷಿಗೆ ಹೇಳಬೇಕಾದವಳು ನಾನೇ ತಾನೆ? ಇವರು ಬಾಯಿಗೆ ಬಂದದ್ದು ಅಂದುಬಿಟ್ಟರೆ? ನನ್ನ ಹೆಡ್‌ಮೇಡಂ ನೋಡಿದರೆ? ನಮ್ಮ ಇಂಗ್ಲಿಷ್ ಟೀಚರ್ ಮನೇಲಿ ಕೊಲೆ ನೋಡ್ತಾರೆ ಅಂತ ಮಕ್ಕಳು ಮನೆಗೆ ಹೋಗಿ ಹೇಳಿದರೆ?

ಊರಿನಲ್ಲಿ ಸುದ್ದಿ ಬೇರೆಯೇ ದಾರಿ ಹಿಡಿದಿತ್ತು. "ನಂದೊಂದು ಡಾಕುಮೆಂಟ್ರಿ ಆಯ್ತಾ ಅದೆ," ಅಂತ ಚಿಕ್ಕಪ್ಪ ಡೇರಿಯಲ್ಲಿ ಹೇಳಿಕೊಂಡಿದ್ದೇ ತಡ, ಪಕ್ಕದ ಹೊಲದವರು ಓಡಿ ಬಂದರು. "ಯಾವ ಸರ್ವೆ ನಂಬರ್ದು? ನಮ್ಗೆ ಒಂದ್ಮಾತು ಏಳ್ದೆ ಎಂಗ್ ಡಾಕುಮೆಂಟ್ ಮಾಡ್ಸ್‌ತೀಯಾ?" ಅವರಿಗೆ ಪಹಣಿ ತೋರಿಸಿ, ಕಾಫಿ ಕೊಟ್ಟು ಕಳಿಸುವ ಹೊತ್ತಿಗೆ ಸಾಕುಬೇಕಾಯಿತು.

ಮಾತುಕತೆ ನಿಗದಿಯಾದದ್ದು ಬೆಳಿಗ್ಗೆ ಆರೂವರೆಗೆ. ಅವರಿಗೆ ಸಂಜೆ, ನಮಗೆ ಹಾಲು ಕರೆಯುವ ಹೊತ್ತು. ಚಿಕ್ಕಪ್ಪನ ಮನೆಯಲ್ಲಿ ನೆಟ್‌ವರ್ಕು ಸಿಗುವುದು ಎಲ್ಲಿ ಅಂತೀರಿ? ಕೊಟ್ಟಿಗೆಯ ಮೂಲೆಯಲ್ಲಿ! ಫೋನನ್ನು ಹಿಂಡಿ ಮೂಟೆಗೆ ಒರಗಿಸಿ ನಿಲ್ಲಿಸಿದೆ. ಚಿಕ್ಕಪ್ಪ ಹೊಸ ಪಂಚೆ ಉಟ್ಟು, ರೇಷ್ಮೆ ಶಲ್ಯ ಹೊದ್ದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಹಿಂದೆ ಕಪ್ಪು ಹಸು ಬಾಲ ಬೀಸುತ್ತಿತ್ತು. ಚಿಕ್ಕಮ್ಮ "ನಿಮ್ ಕೊಲೆಗಾರ ಬಂದು ಆಲು ಕರೀತನಾ?" ಅಂತ ಗೊಣಗಿ, ಬಕೆಟ್ಟು ಹಿಡಿದು ಆ ತುದಿಯ ಹಸುವಿನ ಹತ್ತಿರ ಕೂತರು.

ಫೋನಿನಲ್ಲಿ ಒಬ್ಬ ಹೆಂಗಸಿನ ಮುಖ ಮೂಡಿತು. ನಗುತ್ತಾ ಮೊದಲ ಪ್ರಶ್ನೆ ಕೇಳಿದರು. ನಾನು ಕನ್ನಡಕ್ಕೆ ತಂದೆ: "ಯಾವ ಕೊಲೆ ನಿಮಗೆ ತುಂಬಾ ಇಷ್ಟ ಅಂತ ಕೇಳ್ತಿದ್ದಾರೆ ಚಿಕ್ಕಪ್ಪ."

ಚಿಕ್ಕಪ್ಪನಿಗೆ ಸಿಟ್ಟೇ ಬಂತು. "ಕೊಲೆ ಯಾರಿಗಾರ ಇಷ್ಟ ಆಯ್ತದಾ? ಯಾವ್ದೂ ಇಲ್ಲ ಅನ್ನು. ಕೊಡ್ಲಿ ಎತ್ತೊ ಒತ್ಗೆ ನಾನ್ ಕಣ್ ಮುಚ್ಕಬುಡ್ತೀನಿ. ಸಬ್ದ ನಿಂತ್ಮೇಲೆ ಕಣ್ ಬುಟ್ಟು, ಯಾರ್ಯಾರು ಉಳ್ದವ್ರೆ ಅಂತ ಎಣಿಸ್ಕತೀನಿ."

ಆ ಹೆಂಗಸು ಬಿದ್ದುಬಿದ್ದು ನಕ್ಕರು. ಕಪ್ಪು ಹಸು ಕ್ಯಾಮೆರಾದೊಳಕ್ಕೆ ಮೂತಿ ತೂರಿಸಿ ಅಂಬಾ ಅಂದಿತು. ಸದ್ಯ, ಚೆನ್ನಾಗೇ ನಡೆಯುತ್ತಿದೆ ಅಂದುಕೊಳ್ಳುವಷ್ಟರಲ್ಲಿ ಮುಂದಿನ ಪ್ರಶ್ನೆ ಬಂತು. ಇಷ್ಟು ಹೆದರುವವರು ಹನ್ನೆರಡನ್ನೂ ಯಾಕೆ ನೋಡಿದಿರಿ?

ಚಿಕ್ಕಪ್ಪ ಶಲ್ಯದ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. ಹಾಲು ಬಕೆಟ್ಟಿಗೆ ಬೀಳುವ ಸದ್ದು ಮಾತ್ರ ಕೇಳುತ್ತಿತ್ತು.

"ನಮ್ಮನೆಯವ್ಳಿಗೆ ಡೆಂಗಿ ಜ್ವರ ಬಂದಿತ್ತು, ಏಳವ್ವ ಅವ್ರಿಗೆ. ಮೈಸೂರ್ ಆಸ್ಪತ್ರೇಲಿ ಒಂಬತ್ ದಿನ ಒಳ್ಗಾಕಿದ್ರು. ಮುಖ ತೋರುಸ್ತಿರ್ಲಿಲ್ಲ. ನಾನ್ ಒರ್ಗಡೆ ಬೆಂಚಲ್ಲಿ. ಬಾಗ್ಲು ತಗುದ್ರೆ ಸಾಕು, ಎದೆ ನಿಂತೋಗದು, ಏನ್ ಏಳಕ್ ಬತ್ತಾರೋ ಅಂತ. ಪಕ್ದಲ್ಲಿ ಒಬ್ಬ ಉಡುಗ ಕೂತಿದ್ದ, ಅವ್ರಪ್ಪನೂ ಒಳ್ಗಿದ್ದ. ಅವ್ನು ಮೊಬೈಲಲ್ಲಿ ಈ ಪಿಚ್ಚರ್ ನೋಡ್ತಿದ್ದ. ನಾನ್ ಬಾಗ್ಲನ್ನೇ ನೋಡ್ತಿದ್ದುದ್ನ ಕಂಡು, ಇಯರ್‌ಫೋನಿಂದು ಒಂದ್ ತುದೀನ ನನ್ ಕಿವಿಗೆ ಇಟ್ಟ."

ನಾನು ಇಂಗ್ಲಿಷಿಗೆ ಹೇಳುತ್ತಾ ಹೋದೆ. ನನ್ನ ಇಂಗ್ಲಿಷು ತಡವರಿಸತೊಡಗಿತು.

"ಒಂದೂವರೆ ಗಂಟೆ ನಾನ್ ಬ್ಯಾರೆ ಯಾವ್ದುಕ್ಕೋ ಎದರ್ಕಂಡಿದ್ದೆ. ಅಷ್ಟೇ ಸಾಕಾಗಿತ್ತು ನಂಗೆ. ಕೊನೆಗೆ ಆ ಉಡುಗಿ, ಮೈಯೆಲ್ಲ ರಕ್ತ ಆಗಿದ್ರೂ, ಎದ್ದು ಬಾಗ್ಲು ತಕ್ಕಂಡು ಆಚಿಗೆ ಬಂದ್ಲು. ಇವ್ಳೇ ಎದ್ಮೇಲೆ ನಮ್ಮವ್ಳು ಏಳಕಿಲ್ವಾ ಅಂದ್ಕಂಡೆ. ಅದಾಗಿ ಮೂರ್ ದಿನುಕ್ಕೆ ನಮ್ಮವ್ಳೂ ಎದ್ಲು. ಅವತ್ತಿಂದ, ಆ ಉಡುಗಿ ಎಂಗವ್ಳೆ ಅಂತ ಆವಾಗಾವಾಗ ಓಗಿ ನೋಡ್ಕಂಬರದು ಬ್ಯಾಡ್ವಾ? ನನ್ ಕಷ್ಟದಾಗೆ ಅವ್ಳು ಬಂದಿರ್ಲಿಲ್ವಾ?"

ಹಾಲು ಬೀಳುವ ಸದ್ದು ನಿಂತಿತ್ತು. ತಿರುಗಿ ನೋಡಿದೆ. ಚಿಕ್ಕಮ್ಮ ಕೆಚ್ಚಲ ಮೇಲೆ ಕೈಯಿಟ್ಟುಕೊಂಡೇ, ಹಸುವಿನ ಹೊಟ್ಟೆಗೆ ಹಣೆ ಆನಿಸಿ ಕೂತಿದ್ದರು. ಇಷ್ಟು ವರ್ಷದಲ್ಲಿ ಈ ಮಾತನ್ನು ಅವರೂ ಕೇಳಿದ್ದು ಅದೇ ಮೊದಲು. ಆಮೇಲೆ ಎದ್ದು, ಚಿಕ್ಕಪ್ಪ ಒಯ್ಯಬೇಕಾದ ಹಾಲಿನ ಕ್ಯಾನನ್ನು ತಾವೇ ಎತ್ತಿಕೊಂಡು ಡೇರಿಗೆ ಹೋಗಿಬಿಟ್ಟರು.

ಸಾಕ್ಷ್ಯಚಿತ್ರ ಬಂದದ್ದು ಆರು ತಿಂಗಳ ಮೇಲೆ. ಒಂದು ಭಾನುವಾರ ಮಧ್ಯಾಹ್ನ ಇಬ್ಬರೂ ನಂಜನಗೂಡಿಗೆ ಬಂದರು. ನಮ್ಮ ಟೀವಿಯ ಮುಂದೆ ಕೂತೆವು. ನಾಲ್ಕು ಗಂಟೆ ಉದ್ದದ ಸಿನಿಮಾ! ಮುಖವಾಡ ಮಾಡಿದವನು, ಸುಳ್ಳು ರಕ್ತಕ್ಕೆ ಸಕ್ಕರೆ ಪಾಕ ಕಾಯಿಸಿದವನು, ಕೊಡಲಿ ಹಿಡಿದವನು, ಎಲ್ಲರೂ ಮಾತಾಡಿದ್ದೇ ಮಾತಾಡಿದ್ದು. ಚಿಕ್ಕಪ್ಪ ಚಿಕ್ಕಮ್ಮನಿಗಿಂತ ನಾನೇ ಹೆಚ್ಚು ಉಗುರು ಕಚ್ಚುತ್ತಿದ್ದೆ. ಮೂರು ಗಂಟೆ ಓಡಿದರೂ ಚಿಕ್ಕಪ್ಪನ ಸುಳಿವಿಲ್ಲ. ಇವರನ್ನು ತೆಗೆದೇಬಿಟ್ಟರೇನೋ ಅಂದುಕೊಂಡೆ. ಆಗ ಬಂದರು ನೋಡಿ! ಶಲ್ಯ, ವಿಭೂತಿ, "ಕಣ್ ಮುಚ್ಕಬುಡ್ತೀನಿ" ಅನ್ನುವ ಮಾತು, ಹಿಂದಿನಿಂದ ಹಸುವಿನ ಮೂತಿ, ಅಂಬಾ! ಅಷ್ಟೇ. ಮುಂದೆ ಇನ್ಯಾವುದೋ ದೇಶದವನು ಬಂದ.

ಆಸ್ಪತ್ರೆಯ ಮಾತು ಒಂದೂ ಇರಲಿಲ್ಲ.

ನನಗೆ ಅಳುವೇ ಬಂತು. ನಾನೇ ಸರಿಯಾಗಿ ಹೇಳಲಿಲ್ಲವೇನೋ, ನನ್ನ ಇಂಗ್ಲಿಷೇ ಕೆಡಿಸಿತೇನೋ. "ಕ್ಷಮಿಸಿ ಚಿಕ್ಕಪ್ಪ, ಆ ಭಾಗ ಕತ್ತರಿಸಿಬಿಟ್ಟಿದ್ದಾರೆ. ಬೇಕಾದ್ರೆ ಬರೆದು ಕೇಳ್ತೀನಿ, ಯಾಕೆ ತೆಗೆದ್ರಿ ಅಂತ," ಅಂದೆ.

ಉತ್ತರ ಕೊಟ್ಟದ್ದು ಚಿಕ್ಕಮ್ಮ. "ಏನೂ ಕೇಳ್‌ಬ್ಯಾಡ ಸುಮ್ಕಿರವ್ವ," ಅಂದರು. "ತಗ್ದಿದ್ದು ಒಳ್ಳೇದೇ ಆಯ್ತು. ನಗೋದ್ನ ಅವ್ರು ಮಡಿಕಳ್ಳಿ. ಆ ಆಸ್ಪತ್ರೆ ಮಾತು ಇವ್ರು ನಂಗೆ ಏಳಿದ್ದು."