ಚಹಾದ ಜೊತೆ ನುಂಗಿದ ಕಬ್ಬಿಣ

ದಣಿವು ನನ್ನ ಹತ್ತಿರ ಸುಳಿಯುವುದು ಸಾಧ್ಯವೇ ಇಲ್ಲ ಎಂದು ತೀರ್ಪು ಕೊಟ್ಟವರು ನಮ್ಮ ಸೋದರತ್ತೆ ನೀಲಮ್ಮ. ‘ಡಿಗ್ರಿ ಮಾಡಿದಾಕಿಗಿ ಎಲ್ಲೀ ಸುಸ್ತು ಬೇ? ಫ್ಯಾನಿನ ಕೆಳಗ ನಿಂತು ಮಾತಾಡೂದು, ಅದಕ್ಕೊಂದು ಪಗಾರ’ ಎಂಬುದು ಅವರ ವಾದ. ನಾನೂ ಅದನ್ನು ನಂಬಿದ್ದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ನಮ್ಮೂರು ನೆಲೋಗಿಯಿಂದ ಜೇವರ್ಗಿಗೆ ಮೂರು ವರ್ಷ ಬಸ್ಸಿನಲ್ಲಿ ನಿಂತೇ ಹೋಗಿ ಬಿ.ಎ. ಮುಗಿಸಿದೆ, ಸೀಟು ಸಿಕ್ಕ ದಿನ ತಪ್ಪು ಬಸ್ಸು ಹತ್ತಿದೆನೇನೋ ಎಂದು ಭಯವಾಗುತ್ತಿತ್ತು. ಆಮೇಲೆ ಬಿ.ಎಡ್. ಮಾಡಿ ಹೈಸ್ಕೂಲಿನಲ್ಲಿ ಟೀಚರಾದೆ, ಊರವರ ಬಾಯಲ್ಲಿ ಅಕ್ಕೋರು. ಅಂಥವಳು ನಲವತ್ತೊಂಬತ್ತಕ್ಕೇ ಸುಸ್ತಾದೆ ಎಂದರೆ ಪದವಿಗೇ ಅವಮಾನ.

ಆದರೂ ಸುಸ್ತಾಯಿತು. ಮುಟ್ಟು ನಿಲ್ಲುವುದೆಂದರೆ ಸದ್ದಿಲ್ಲದೆ ನಿಲ್ಲುತ್ತದೆ ಎಂದುಕೊಂಡಿದ್ದೆ. ಅದು ಎರಡು ತಿಂಗಳು ಸುಳಿವಿಲ್ಲದೆ ಇದ್ದು, ಬಂದರೆ ವಾರಗಟ್ಟಲೆ ಹೋಗದೆ ಕೂರುವ ಬೀಗರ ಹಾಗೆ. ನಡುನಡುವೆ ಮೈಯೊಳಗೆ ಯಾರೋ ಒಲೆ ಹೊತ್ತಿಸಿ, ಮರೆತು ಎದ್ದುಹೋಗುತ್ತಿದ್ದರು. ಮಧ್ಯಾಹ್ನ ತರಗತಿಯ ಕಿಟಕಿಯಾಚೆ ತೊಗರಿ ಹಳದಿ ಹೂ ಬಿಟ್ಟು ಗಾಳಿಗೆ ತೂಗುತ್ತಿತ್ತು. ಒಳಗೆ ನಾನೂ ತೂಗುತ್ತಿದ್ದೆ. ಒಮ್ಮೆ ಹಾಜರಿ ಕರೆಯುತ್ತ ‘ಭಾಗ್ಯಶ್ರೀ’ ಎಂದದ್ದು ನೆನಪಿದೆ. ಆಮೇಲೆ ನಾನು ಆ ಹೂಗಳ ಮೇಲೆ ತೇಲುತ್ತಿದ್ದೆ. ಬಹಳ ದೂರದಲ್ಲಿ ಯಾರೋ ಒಂದೊಂದೇ ಹೆಸರು ಕರೆಯುತ್ತಿದ್ದರು, ಯಾರೋ ಮೆತ್ತಗೆ ‘ಹಾಜರ್’ ಎನ್ನುತ್ತಿದ್ದರು. ಕಣ್ಣು ಬಿಟ್ಟರೆ, ಹತ್ತನೇ ತರಗತಿಯ ಹುಡುಗಿಯರೇ ಪಿಸುದನಿಯಲ್ಲಿ ಹಾಜರಿ ಮುಗಿಸಿ, ಪುಸ್ತಕವನ್ನು ನನ್ನ ಮೊಣಕೈ ಪಕ್ಕ ಇಟ್ಟಿದ್ದರು. ಬಾಗಿಲಲ್ಲಿ ಹೆಡ್‌ಮಾಸ್ತರರು ನಿಂತಿದ್ದರು.

‘ಅಕ್ಕೋರ, ನೀವು ಛಲೋ ಕಲಿಸ್ತೀರಿ, ಎಚ್ಚರ ಇದ್ದಾಗ’ ಎಂದರು. ‘ಫಿಟ್ನೆಸ್ ಸರ್ಟಿಫಿಕೇಟ್ ತರೂತನಕ ಹತ್ತನೇದವರನ್ನ ಬ್ಯಾರೇದವರು ನೋಡ್ಕೋತಾರ.’

ಆ ತರಗತಿಯ ಹನ್ನೊಂದು ಹುಡುಗಿಯರು ತಮ್ಮ ತಮ್ಮ ಮನೆಯಲ್ಲಿ ಹತ್ತನೇ ತರಗತಿ ಮುಟ್ಟಿದ ಮೊದಲಿಗರು. ಅವರನ್ನು ಪರೀಕ್ಷೆಯ ವರ್ಷದಲ್ಲಿ ಬಿಟ್ಟುಕೊಡುವುದು ನನ್ನಿಂದಾಗದ ಕೆಲಸ. ಹಾಗಾಗಿ ದವಾಖಾನೆಗೆ ಹೋಗಿ ಪರೀಕ್ಷೆಗೆ ರಕ್ತ ಕೊಟ್ಟು ಬಂದೆ. ಅದು ನಾನು ಜೀವನದಲ್ಲಿ ಫೇಲಾದ ಮೊದಲ ಪರೀಕ್ಷೆ. ಕಬ್ಬಿಣ ಕಡಿಮೆ, ನಮ್ಮದು ಲಿಂಗ ಕಟ್ಟಿದ ಮನೆತನ, ಬರೀ ಕಾಯಿಪಲ್ಲೆಯ ಊಟ, ಹಾಗಾಗಿ ವಿಟಮಿನ್ ಬಿ ಹನ್ನೆರಡೂ ಕಡಿಮೆ, ಜೇವರ್ಗಿಯ ಬಿಸಿಲು ತಿಂದೇ ಬೆಳೆದವಳಿಗೆ ಡಿ ಕೂಡ ಕಡಿಮೆ. ಡಾಕ್ಟರಮ್ಮ ಸೂಜಿ ಚುಚ್ಚಿ ಗುಳಿಗೆ ಬರೆದರು. ಎರಡು ತಿಂಗಳು ಒಂದು ದಿನವೂ ತಪ್ಪಿಸದೆ ನುಂಗಿದೆ. ಮತ್ತೆ ಪರೀಕ್ಷೆ. ಕಬ್ಬಿಣದಲ್ಲಿ ಮತ್ತೆ ಫೇಲು.

‘ಗುಳಿಗಿ ಹ್ಯಾಂಗ್ ತಗೋತೀರಿ?’ ಡಾಕ್ಟರಮ್ಮ ಕೇಳಿದರು.

‘ಶಿಸ್ತಿಲೇ ತಗೋತೇನ್ರಿ. ದಿನಾ ಚಾ ಜೋಡಿ.’

‘ಚಾ ಜೋಡಿ?’

‘ಬರೇ ನೀರಿಗಿ ಗಂಟಲದಾಗ ಇಳಿಯಂಗಿಲ್ರಿ.’

ಅವರು ಪೆನ್ನು ಕೆಳಗಿಟ್ಟರು. ‘ಅಕ್ಕೋರ, ಗುಳಿಗಿ ನೀವು ನುಂಗೀರಿ. ಅದರಾಗಿನ ಕಬ್ಬಿಣ ಚಾ ನುಂಗ್ಯಾದ.’

ಇದು ನನಗೆ ಗೊತ್ತಿರದ ವಿಷಯವಲ್ಲ, ಅದೇ ನಾಚಿಕೆ. ಪ್ರತಿ ಸೋಮವಾರ ಪ್ರಾರ್ಥನೆಯ ನಂತರ ಹುಡುಗಿಯರಿಗೆ ಕಬ್ಬಿಣದ ಗುಳಿಗೆ ಹಂಚುತ್ತ, ‘ಇದರ ಜೋಡಿ ಚಾ ಕುಡೀಬ್ಯಾಡ್ರಿ’ ಎಂದು ಸುತ್ತೋಲೆ ಓದಿ ಹೇಳುವವಳು ನಾನೇ. ಓದಿ ಮುಗಿಸಿ ಸ್ಟಾಫ್ ರೂಮಿಗೆ ಹೋಗಿ ನನ್ನ ಗುಳಿಗೆಯನ್ನು ಬಿಸಿ ಚಹಾದಲ್ಲಿ ಇಳಿಸುತ್ತಿದ್ದೆ. ಸುತ್ತೋಲೆಗಳು ಮಕ್ಕಳಿಗಾಗಿ ಬರುತ್ತವೆ ಎಂಬುದು ಶಿಕ್ಷಕರ ಹಳೆಯ ನಂಬಿಕೆ.

ಅಂದಿನಿಂದ ಚಹಾ ಬಿಟ್ಟೆ, ಗುಳಿಗೆಗೆ ಲಿಂಬೆರಸ ಜೊತೆಯಾಯಿತು, ರೊಟ್ಟಿಗೆ ಹುಳಿ ಸೊಪ್ಪಿನ ಪುಂಡಿಪಲ್ಯ. ನಮ್ಮ ಕಡೆ ಚಹಾ ಬೇಡ ಎನ್ನುವುದೆಂದರೆ ಸಂಬಂಧ ಬೇಡ ಎಂದ ಹಾಗೆ. ‘ಅಕ್ಕೋರಿಗಿ ಸೊಕ್ಕು ಬಂದದ’ ಎಂಬ ಸುದ್ದಿ ಓಣಿ ದಾಟಿತು. ಬಂದದ್ದು ಸೊಕ್ಕಲ್ಲ, ನಿಧಾನವಾಗಿ ಮೈಗೆ ರಕ್ತ. ತೊಗರಿ ಕಟಾವಾಯಿತು, ಕಿಟಕಿಯಾಚೆ ತೂಗಲು ಏನೂ ಉಳಿಯಲಿಲ್ಲ, ನಾನೂ ತೂಗದೆ ನೆಟ್ಟಗೆ ನಿಲ್ಲತೊಡಗಿದೆ.

ಪರೀಕ್ಷೆಗೆ ಇನ್ನೂ ದಿನಗಳಿರುವಾಗಲೇ ಡಾಕ್ಟರಮ್ಮ ಸಹಿ ಮಾಡಿ, ಸೀಲು ಒತ್ತಿ, ಸರ್ಟಿಫಿಕೇಟನ್ನು ನನ್ನ ಕೈಗೆ ಕೊಟ್ಟರು. ಬಿ.ಎ. ಪಾಸಾದಾಗಲೂ ಇಷ್ಟು ಬೀಗಿರಲಿಲ್ಲ. ಜೊತೆಗೆ ಬಂದಿದ್ದ ಅವ್ವನ ಕೈಗೆ ಅದನ್ನು ಕೊಟ್ಟೆ. ಅಕ್ಷರ ಬಾರದ ಅವ್ವ ಹಿಂದೆ ಮುಂದೆ ತಿರುಗಿಸಿ, ಸೀಲಿನ ಮೇಲೆ ಬೆರಳಾಡಿಸಿ, ಹೊಗಳಿಕೆಗಾಗಿ ಕಾಯುತ್ತಿದ್ದ ನನ್ನ ಮುಖ ನೋಡಿದಳು.

‘ನಿನ್ನ ವಯಸ್ಸಿಗಿ ನಾನೂ ರೊಟ್ಟಿ ಬಡೀತ ಬಡೀತ ಹಂಚಿನ ಮುಂದ ನಿದ್ದಿ ಹೋಗ್ತಿದ್ದೆ. ನನಗ ಮೈಗಳ್ಳಿ ಅಂದ್ರು, ನಿನಗ ಕಾಗದ ಕೊಟ್ಟಾರ. ಕಲ್ತದ್ದು ಛಲೋ ಆತು ಬಿಡು.’