ವೇಗಕ್ಕೆ ಮರ್ಯಾದೆ ಕೊಟ್ಟವನು

ಯಾರ ದನಿ ಬೇಕಾದರೂ ತೆಗೆಯುವ ಕಲೆ ನನಗೆ ಹುಟ್ಟಿನಿಂದ ಬಂದದ್ದು. ನಮ್ಮ ಸೋದರಮಾವನ ದನಿಯಲ್ಲಿ ಫೋನ್ ಮಾಡಿದರೆ ಅತ್ತೆ ಗಂಡನೆಂದೇ ತಿಳಿದು ನನಗೆ ಬೈಯುತ್ತಾಳೆ. ಸೊಲ್ಲಾಪುರದ ಚಾದರ ವ್ಯಾಪಾರಿಯ ದನಿ ತೆಗೆದ ದಿನದಿಂದ ನನಗೆ ಮರಾಠಿ ಬರುತ್ತದೆ ಎಂದು ಜೇವರ್ಗಿಯ ನಮ್ಮ ಓಣಿ ನಂಬಿತ್ತು. ಓಣಿಯ ನಂಬಿಕೆ ಕೆಡಿಸುವುದು ಸಭ್ಯರ ಲಕ್ಷಣವಲ್ಲ.

ಹೀಗಿರಲಾಗಿ ಅಕ್ಕಲಕೋಟೆಯಲ್ಲಿ ನನಗೊಂದು ಹೆಣ್ಣು ನೋಡುವುದು ನಿಶ್ಚಯವಾಯಿತು. ಬುಧವಾರ, ಹನ್ನೆರಡರೊಳಗೆ ಮುಟ್ಟಬೇಕು, ಆಮೇಲೆ ರಾಹುಕಾಲ. ಇದಕ್ಕೂ ಮೊದಲಿನ ಹೆಣ್ಣಿನ ಕಡೆಯವರೆಲ್ಲ ನನ್ನ ಮಾತು ಕೇಳಿಯೇ ಬೇಡವೆಂದಿದ್ದರು.

“ಇದೂ ತಪ್ಪಿತಂದ್ರ ನಿನಗ ನಾ ಹುಡುಗಿ ಹುಡುಕೂದಿಲ್ಲ ನೋಡ್ಲೇ,” ಎಂದು ಅವ್ವ ಅಂತಿಮ ತೀರ್ಪು ಕೊಟ್ಟಳು.

ಮಾವನ ಹೊಸ ಕಾರು. ಸ್ಟೇರಿಂಗ್ ಹಿಂದೆ ನಾನು, ಪಕ್ಕಕ್ಕೆ ಮಾವ, ಹಿಂದೆ ಅವ್ವ ಮತ್ತು ಹಣ್ಣಿನ ಬುಟ್ಟಿ. ದೊಡ್ಡ ರಸ್ತೆಯ ಫಲಕ ಎಂಬತ್ತು ಅಂದಿತು, ಎಂಬತ್ತು ಹೋದೆ. ಆಳಂದ ರಸ್ತೆಗೆ ಅರವತ್ತು, ಊರೊಳಗೆ ಮೂವತ್ತು. ತೊಗರಿ ಚೀಲದ ಟ್ರ್ಯಾಕ್ಟರ್ ಮುಂದೆ ಬಂದಾಗ ಹತ್ತು; ಅದಕ್ಕೆ ಫಲಕ ಬೇಕಿಲ್ಲ.

“ಭಾಳ ಶಿಸ್ತಿಲೆ ಹೊಡ್ಯಾಕತ್ತೀಯಲ್ಲೋ,” ಅಂದ ಮಾವ. ಆ ಹೊಗಳಿಕೆಯಿಂದಲೇ ಕೆಲಸ ಕೆಟ್ಟಿತು.

ಗಡಿ ದಾಟಿದ ಮೇಲೆ ಫಲಕ ಮರಾಠಿಗೆ ತಿರುಗಿತು. ನಾನು ಗಟ್ಟಿಯಾಗಿ ಓದಿದೆ: “ವೇಗ ಮರ್ಯಾದಾ, ಐವತ್ತು.”

“ಹಂಗಂದ್ರೇನೋ?”

“ವೇಗಕ್ಕ ಮರ್ಯಾದಿ ಕೊಡ್ರಿ ಅಂತ, ಮಾವಾ. ಐವತ್ತಕ್ಕಿಂತ ಕಡಿಮಿ ಹೋದ್ರ ಇಲ್ಲಿಯವರಿಗೆ ಅವಮಾನ.”

“ಹಂಗಿದ್ರ ಎಲ್ಲಾರೂ ಯಾಕ ಸಾವಕಾಶ ಹೊಂಟಾರ?”

“ಸಂಸ್ಕಾರ ಇಲ್ಲ.”

ಬೀಗರ ನಾಡಿಗೆ ಅವಮಾನವಾಗಬಾರದೆಂದು ತೊಂಬತ್ತಕ್ಕೆ ಏರಿಸಿದೆ. ಅಷ್ಟು ಮರ್ಯಾದೆ ಕೊಟ್ಟವನನ್ನು ಪೊಲೀಸರು ನಿಲ್ಲಿಸದೆ ಬಿಡುತ್ತಾರೆಯೇ? ಒಬ್ಬರು ಕಿಟಕಿಗೆ ಬಗ್ಗಿ ಮರಾಠಿಯಲ್ಲಿ ಏನೋ ಕೇಳಿದರು. ತಿಳಿಯಲಿಲ್ಲ. ಮಾವ ನನ್ನತ್ತ ನೋಡಿದ, ಅವ್ವ ನನ್ನತ್ತ ನೋಡಿದಳು. ನನ್ನೊಳಗಿನ ಚಾದರ ವ್ಯಾಪಾರಿ ಎದ್ದು ಕೂತ.

“ಯಾ ಯಾ, ಬಸಾ! ಚಹಾ ಘ್ಯಾ. ಭಾವ ಕಮೀ ಕರತೋ!”

ಬನ್ನಿ, ಕೂಡ್ರಿ, ಚಹಾ ಕುಡೀರಿ, ರೇಟು ಕಡಿಮೆ ಮಾಡುತ್ತೇನೆ. ಅರ್ಥ ಗೊತ್ತಾದದ್ದು ಆಮೇಲೆ.

“ಯಾವುದರ ರೇಟು ಕಡಿಮಿ ಮಾಡ್ತೀಪಾ ತಮ್ಮಾ?” ಪೊಲೀಸಪ್ಪನ ಕನ್ನಡ ನನ್ನ ಕನ್ನಡಕ್ಕಿಂತ ಚೊಲೋ ಇತ್ತು. “ಮರ್ಯಾದಾ ಅಂದ್ರ ಮಿತಿ. ಐವತ್ತರ ಮ್ಯಾಲ ಹೋಗಬ್ಯಾಡ ಅಂತ. ಇಳಿ ಕೆಳಗ.”

ದಂಡ ತುಂಬಿ, ಬುದ್ಧಿಮಾತು ಕೇಳಿ ಹೊರಟಾಗ ಹನ್ನೆರಡು ದಾಟಿತ್ತು. ರಾಹುಕಾಲದಲ್ಲಿ ಹೊಸ್ತಿಲು ತುಳಿಯುವಂತಿಲ್ಲ. ಹುಡುಗಿಯ ಮನೆ ಮುಂದೆಯೇ ಕಾರಿನಲ್ಲಿ ಬೆವರುತ್ತ ಕೂತೆವು. ಒಳಗಿನಿಂದ ನೀರು ಬಂತು, ಆಮೇಲೆ ಹುಡುಗಿಯ ಅಪ್ಪನೇ ಬಂದರು.

“ಯಾಕ್ರಿ ತಡಾ ಆತು?”

ಮಾವ ಒಂದು ಅಕ್ಷರ ಬಿಡದೆ ಹೇಳಿದ. ಅದೂ ನನ್ನ ದನಿಯಲ್ಲಿ! ಅವನಿಗೂ ಆ ಕಲೆ ಇದೆ ಎಂದು ಯಾರಿಗೆ ಗೊತ್ತಿತ್ತು? ಕದದ ಹಿಂದೆ ಯಾರೋ ನಕ್ಕರು. ಹುಡುಗಿ ಮರಾಠಿ ಶಾಲೆಯ ಟೀಚರ್ ಎಂಬುದನ್ನು ಅವ್ವ ಆಗ ತಿಳಿಸಿದಳು.

ವಾರ ಬಿಟ್ಟು ಫೋನ್ ಬಂತು. ಹುಡುಗಿಗೆ ಒಪ್ಪಿಗೆ, ಆದರೆ ಹುಡುಗ ಮೊದಲು ಮರಾಠಿ ಕಲಿಯಬೇಕು. ಪಾಸಾದ ಮೇಲೆಯೇ ಮುಹೂರ್ತ. ಕಲಿಸುವವಳು ಅವಳೇ ಅಂದ ಮೇಲೆ ನನಗೇನು ಭಯ?

ನಿನ್ನೆ ಫೋನಿನಲ್ಲಿ ಪರೀಕ್ಷೆ ನಡೆಯಿತು.

“ನವರಾ ಅಂದ್ರ ಏನು ಹೇಳ್ರಿ,” ಅಂದಳು.

“ನವರಾತ್ರಿಯ ಮೊದಲರ್ಧ,” ಅಂದೆ, ಧೈರ್ಯವಾಗಿ.

ನವರಾ ಅಂದರೆ ಗಂಡ ಅಂತೆ. ಮುಹೂರ್ತ ಮುಂದಕ್ಕೆ ಹೋಗಿದೆ.